ಗಲ್ಲಿಯ ಬಾಯಲ್ಲಿ ಸುರಿದ ಚರಟ

ಶಾಂಘೈ
ಮಾರ್ಚ್ 10, 1929

ಪ್ರೀತಿಯ ಅಮ್ಮನಿಗೆ,

ಪೆಯ್‌ಲಾನಳ ನಮಸ್ಕಾರಗಳು. ಇದನ್ನು ಅಪ್ಪನ ಮುಂದೆ ಓದಬೇಡ. ಅವರು ಔಷಧದಂಗಡಿಗೆ ಹೋದ ಮೇಲೆ ಒಲೆಯ ಹತ್ತಿರ ಕೂತು ಓದು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನನ್ನ ಮಗಳು ಷಾವ್‌ಹೆಯ ಕೆಮ್ಮು ಕಡಿಮೆಯಾಗಿದೆ. ಈಗೀಗ ತುಂಬಾ ಸುಮ್ಮನಿರುತ್ತಾಳೆ.

ಹಳೇ ವೈದ್ಯವನ್ನು ನಿಲ್ಲಿಸಬೇಕೆಂಬ ಮಾತು ನಾನ್‌ಜಿಂಗ್‌ನಲ್ಲಿ ಎದ್ದ ಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಅದೇ ಜಗಳ. ನಿನ್ನ ಅಳಿಯ ನಿಲ್ಲಿಸಬೇಕು ಎನ್ನುವವರ ಕಡೆ. ಜಪಾನಿನಲ್ಲಿ ಓದಿ ಬಂದ ಡಾಕ್ಟರು ಇನ್ಯಾವ ಕಡೆ ಇದ್ದಾರು? ಹಳೇ ವೈದ್ಯರಿಂದ ಯಾರ್ಯಾರಿಗೆ ಕೇಡಾಯಿತೆಂದು ನಾನ್‌ಜಿಂಗ್‌ನ ಸರ್ಕಾರಕ್ಕೆ ಬರೆದು ಕಳಿಸುವ ಕೆಲಸ ಅವರ ಪಾಲಿಗೆ ಬಂದಿದೆ. ಅತ್ತೆ ಸುಮ್ಮನಿರುವವರೇ? "ನಿಮ್ಮಪ್ಪ ಬೇರು ನಾರು ಕತ್ತರ್ಸಿ ನಿನ್ನ ಓದ್ಸಿದ್ದು ಕಣೋ. ಆ ಕತ್ತೀನೂ ತಗೊಂಡೋಗಿ ಸರ್ಕಾರಕ್ಕೆ ಕೊಟ್ಬಿಡು" ಎಂದು ಮಗನನ್ನೇ ಚುಚ್ಚುತ್ತಾರೆ. ನಿನ್ನ ಅಳಿಯ ತಲೆ ಎತ್ತದೆ ಗಂಜಿ ಕುಡಿಯುತ್ತಾರೆ.

ಇದನ್ನು ವಿರೋಧಿಸಿ ಮುಂದಿನ ವಾರ ಇಲ್ಲಿ ಸೇರುವ ಹಳೇ ವೈದ್ಯರ ಸಭೆಗೆ ನಮ್ಮ ಶಾವೊಶಿಂಗ್ ಕಡೆಯಿಂದ ಅಪ್ಪ ಬರುತ್ತಾರೆ, ವೇದಿಕೆ ಹತ್ತಿ ಮಾತಾಡುತ್ತಾರೆ ಎಂದು ಬರೆದಿದ್ದೆಯಲ್ಲ. "ನನ್ನ ಕೈಯಿಂದ ಇವತ್ತಿನವರೆಗೂ ಒಂದು ಜೀವಕ್ಕೂ ಕೇಡಾಗಿಲ್ಲ" ಎಂದು ಅಂಗಳದಲ್ಲಿ ಓಡಾಡುತ್ತಾ ಹೇಳಿಕೊಳ್ಳುತ್ತಾರಂತೆ. ಓದಿ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಚಹಾವನ್ನು ಬಟ್ಟಲಿನ ಆಚೆ ಸುರಿಯುತ್ತಾರೆ, ದೀಪ ಸಾಲದೆಂದು ನಿನ್ನ ಮೇಲೆ ರೇಗುತ್ತಾರೆ ಎಂದೂ ಅದೇ ಪತ್ರದಲ್ಲಿತ್ತು. ಅಮ್ಮಾ, ಅದು ದೀಪದ ತಪ್ಪಲ್ಲ.

ಮೊಮ್ಮಗಳ ಕೆಮ್ಮಿಗೆ ಅಪ್ಪ ಕಳಿಸಿದ ಔಷಧದ ಪೊಟ್ಟಣವನ್ನು ಹೋದ ವಾರ ಗಂಡನಿಗೆ ಹೇಳದೆ ಕುದಿಸಿದೆ. ಅವರು ಬರುವುದರೊಳಗೆ ಆಗಲೆಂದು ಅವಸರದಲ್ಲೇ ಇಳಿಸಿ ಮಗುವಿಗೆ ಕುಡಿಸಿದೆ. ಅತ್ತೆ ಪದ್ಧತಿ ಬಿಡುವವರಲ್ಲ. ಸೋಸಿದ ಚರಟವನ್ನು ಗಲ್ಲಿಯ ಬಾಯಲ್ಲಿ, ಓಡಾಡುವವರ ಕಾಲಡಿಗೆ ಸುರಿದು ಬಂದರು. ರೋಗ ತುಳಿದವರ ಜೊತೆ ಹೊರಟುಹೋಗಲಿ ಎಂದು ಅವರ ನಂಬಿಕೆ. ಅಪ್ಪ ಬೇರೆ ಕಾರಣ ಹೇಳುತ್ತಿದ್ದರು, ನೆನಪಿದೆಯಾ? ದಾರಿಯಲ್ಲಿ ಹೋಗುವ ವೈದ್ಯನ ಕಣ್ಣಿಗೆ ಬೀಳಲಿ, ತಪ್ಪಿದ್ದರೆ ಬಾಗಿಲು ತಟ್ಟಿ ಹೇಳಲಿ ಎಂದು.

ಬಾಗಿಲು ತಟ್ಟಿದವರು ನನ್ನ ಗಂಡ. ಆಸ್ಪತ್ರೆಯಿಂದ ಬರುವಾಗ ಚರಟ ಕಂಡು ಬಗ್ಗಿ ಕೆದಕಿದ್ದಾರೆ. ಗಿಡಮೂಲಿಕೆ ಅಂಗಡಿಯಲ್ಲಿ ಬೆಳೆದ ಕೈ ಮರೆತೀತೇ? ಅಂಗೈಯಲ್ಲಿ ಒಂದು ಬಿಳಿ ಚೂರು ಹಿಡಿದಿದ್ದರು. "ಹಸೀ ಬಾನ್‌ಷಿಯಾ ಗೆಡ್ಡೆ ಕಣೇ ಇದು, ಶುಂಠೀಲಿ ಹದ ಮಾಡಿದ್ದಲ್ಲ, ವಿಷ. ನಾಲಿಗೆಗೆ ಮುಟ್ಟಿಸ್ದೆ, ಮರಗಟ್ಟೋಯ್ತು. ಯಾರ ಮನೇದೋ ಏನೋ, ಬೇಗ ಹುಡುಕ್ಬೇಕು" ಎಂದರು. ಅಷ್ಟರಲ್ಲಿ ಷಾವ್‌ಹೆ ಕತ್ತು ಹಿಡಿದುಕೊಂಡು ಒಳಗಿಂದ ಬಂದಳು.

ಅವರು ಡಾಕ್ಟರ ಚೀಲ ಬಿಚ್ಚಲೇ ಇಲ್ಲ. ಅಡುಗೆಮನೆಗೆ ನುಗ್ಗಿ ಶುಂಠಿ ಜಜ್ಜಿ, ರಸ ಹಿಂಡಿ, ಅವಳ ಬಾಯಿಗೆ ಹನಿ ಹನಿಯಾಗಿ ಬಿಟ್ಟರು. ಗಂಟಲಿನ ಬಾವು ನಿಧಾನವಾಗಿ ಇಳಿಯಿತು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಹಸೀದು, ಹದ ಮಾಡಿದ್ದು, ಎರಡರ ಖಾನೇನೂ ಅಂಗಡೀಲಿ ಅಕ್ಕಪಕ್ಕ ಇರ್ತವೆ. ಮಾವ್ನೋರಿಗೆ ಕಣ್ಣು ಕಾಣ್ತಿಲ್ಲ, ಅಲ್ವಾ?" ಎಂದರು. ಆ ಬಿಳಿ ಚೂರನ್ನು ನನ್ನ ಮುಂದಿಟ್ಟರು. "ನೀನು ಊರಿಗೆ ಬರೀತೀಯೋ, ನಾನು ನಾನ್‌ಜಿಂಗ್‌ಗೆ ಬರೀಲೋ? ಇವತ್ತು ನಮ್ಮ ಮಗು, ನಾಳೆ ಇನ್ಯಾರದ್ದೋ." ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ಸಿಟ್ಟು.

ಆದ್ದರಿಂದ ಬರೆಯುತ್ತಿದ್ದೇನೆ. ಅಪ್ಪ ನಾಡಿ ನೋಡಲಿ. ಅವರ ಬೆರಳಿಗೇನೂ ಆಗಿಲ್ಲ. ಪೊಟ್ಟಣ ಕಟ್ಟುವುದು ಮಾತ್ರ ಇನ್ನು ತಮ್ಮನ ಕೆಲಸವಾಗಲಿ. ಖಾನೆಯ ಮೇಲಿನ ಹೆಸರು ಓದುವುದೇ ಅವಮಾನ ಎನ್ನುವ ಮನುಷ್ಯ ಅವರು. ಮೀಸೆ ಮಣ್ಣಾಗದ ಹಾಗೆ ನೀನೇ ಏನಾದರೂ ಉಪಾಯ ಮಾಡು. ಅವರ ವಿದ್ಯೆಯ ಬಾಗಿಲು ಮುಚ್ಚಿಸುವವರ ಜೊತೆ ನಾನು ನಿಲ್ಲಲಾರೆ. ವೇದಿಕೆಯ ಮೇಲೆ ಅಪ್ಪ ಆ ಮಾತು ಹೇಳಿದರೆ ಕೆಳಗೆ ಕೂತು ಕೇಳಲೂ ಆರೆ. ನನಗೆ ಭಯವಾಗುತ್ತಿದೆ ಅಮ್ಮಾ.

ಉತ್ತರ ಬೇಗ ಬರೆ.

ನಿನ್ನ ಮಗಳು,
ಪೆಯ್‌ಲಾನ್

ಮತ್ತೆ: ಷಾವ್‌ಹೆ ಸುಮ್ಮನಿರುತ್ತಾಳೆ ಎಂದು ಮೇಲೆ ಬರೆದೆ. ಆವತ್ತಿನಿಂದ ಅವಳಿಗೆ ದನಿಯೇ ಇಲ್ಲ. ನಕ್ಕರೂ ಸದ್ದು ಬರುವುದಿಲ್ಲ. ಸರಿಹೋಗುತ್ತದೆ ಎನ್ನುತ್ತಾರೆ ಅವಳಪ್ಪ. ಯಾವಾಗ ಎಂದರೆ ಮುಖ ತಿರುಗಿಸುತ್ತಾರೆ. ಅಪ್ಪ ಬಂದಾಗಲೆಲ್ಲ ಹೊಸ್ತಿಲಾಚೆ ನಿಂತು, "ಅಜ್ಜಾ ಅಂತ ಕರೀ, ಆಮೇಲೆ ಒಳಗ್ ಬರ್ತೀನಿ" ಎನ್ನುತ್ತಾರಲ್ಲ. ಈಗ ಮುಖ ಕಾಣದವರು, ಅವಳ ದನಿಗೇ ಕಾಯುತ್ತಾ ನಿಂತುಬಿಡುತ್ತಾರೆ. ಅವಳು ಕರೆಯಲಾರಳೆಂದು ಅಲ್ಲಿಂದ ಹೊರಡುವ ಮೊದಲೇ ಅವರಿಗೆ ಹೇಳಿಬಿಡು.