ನಾಲ್ಕನೇ ಫೋಟೋದಲ್ಲಿ ನಿನ್ನವ್ವ ನಿಂತಿಲ್ಲ

ಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು
೧೫-೯-೨೦೦೩, ಸೋಮವಾರ

ಪ್ರೀತಿಯ ಮಗಳು ಗಂಗಲಕ್ಷ್ಮಿಗೆ,

ನಿಮ್ಮಪ್ಪ ಜುಂಜಣ್ಣನ ಆಶೀರ್ವಾದ. ನೀನು, ಅಳಿಯಂದಿರು ಹೇಗಿದ್ದೀರಿ? ಕೂಸಿಗೆ ಹಲ್ಲು ಬಂತೇ? ನಾನು ಗಟ್ಟಿಯಾಗಿದ್ದೇನೆ, ಕುರಿಗಳೂ ಚೆನ್ನಾಗಿವೆ. ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಯಾವಾಗಿನ ಹಾಗೆ ನಿನ್ನವ್ವನ ಎದುರು ಕೂತು ಗಟ್ಟಿಯಾಗಿ ಓದಬೇಡ. ಒಬ್ಬಳೇ ಓದು. ಅವಳ ಎಡಗಾಲಿಗೆ ಏನೋ ಆಗಿದೆ. ಪಕ್ಕದಲ್ಲಿರುವ ನಿನಗೆ ಕಂಡಿಲ್ಲ, ಇಲ್ಲಿರುವ ನನಗೆ ಕಂಡಿದೆ.

ನೀನು ಕಳಿಸಿದ ಫೋಟೋಗಳು ಹೋದ ಬುಧವಾರ ಬಂದವು. ನಾಲ್ಕು ಭಾನುವಾರ, ನಿಮ್ಮ ಪರದೇಶದ ನಾಲ್ಕು ಹಳ್ಳಿ. ಫೋಟೋಗಳ ಹಿಂಬದಿಗೆ ಹಳ್ಳಿಯ ಹೆಸರು ಬರೆದಿದ್ದೀಯ, ನನ್ನ ನಾಲಗೆ ಹೊರಳಲಿಲ್ಲ. ತೋಟಪ್ಪನ ಹೋಟೆಲಿನಲ್ಲಿ ಎಲ್ಲರೂ ಟೀ ಆರಲು ಬಿಟ್ಟು ನೋಡಿದರು. "ಲೇ ಜುಂಜ, ನಿನ್ ಹೆಂಡ್ತಿ ರಾಣಿ ಆಗವಳಲ್ಲೋ, ಇನ್ನು ನಿನ್ ರೊಟ್ಟಿ ನೀನೇ ಬಡ್ಕೋ" ಎಂದು ತೋಟಪ್ಪ ನಕ್ಕ. ಹುಲ್ಲು ಹೊದಿಸಿದ ಮನೆಯನ್ನು ಕಂಡು ನನಗೂ ನಗು ಬಂತು. ಅಂಥದೇ ಗುಡಿಸಲಲ್ಲಿ ನೀನು ಹುಟ್ಟಿದ್ದು. ಸೋರುತ್ತದೆ ಎಂದು ನಿನ್ನವ್ವ ಹತ್ತು ವರ್ಷ ನನ್ನ ಜೀವ ತಿಂದು ಶೀಟು ಹಾಕಿಸಿದಳು. ಈಗ ಅದನ್ನೇ ನೋಡಲು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೂರು ಗಂಟೆ ಹೋಗುತ್ತೀರಿ. ಹಳ್ಳಿಯವಳಿಗೆ ಹಳ್ಳಿ ತೋರಿಸುವುದಂತೆ! ಇರಲಿ, ಪ್ರೀತಿಯಿಂದ ತೋರಿಸುತ್ತಿದ್ದೀರಿ. ಅದಕ್ಕೇ ಅವಳು ಬಾಯಿ ಬಿಡುತ್ತಿಲ್ಲ.

ಮನೆಗೆ ಬಂದು ಫೋಟೋಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ಹಳ್ಳದ ಮೇಲಿನ ಕಲ್ಲುಸೇತುವೆ, ನಿನ್ನವ್ವ ಎರಡು ಕಾಲ ಮೇಲೂ ನೆಟ್ಟಗೆ ನಿಂತಿದ್ದಾಳೆ. ಎರಡನೆಯದರಲ್ಲಿ ಕೂಸಿನ ಗಾಡಿ ಹಿಡಿದು ಮೈಭಾರವನ್ನೆಲ್ಲ ಬಲಗಾಲಿಗೆ ಬಿಟ್ಟಿದ್ದಾಳೆ. ಮೂರನೆಯದರಲ್ಲಿ ಮೋಟುಗೋಡೆಯ ಮೇಲೆ ಕೂತಿದ್ದಾಳೆ, ಎಡಗಾಲ ಹಿಮ್ಮಡಿ ನೆಲಕ್ಕೆ ತಾಗಿಲ್ಲ. ನಾಲ್ಕನೆಯದರಲ್ಲಿ ನೀವೆಲ್ಲ ಹುಲ್ಲು ಮನೆಯ ಮುಂದೆ ಹಲ್ಲು ಬಿಟ್ಟುಕೊಂಡು ನಿಂತಿದ್ದೀರಿ, ಅವಳು ಹಿಂದೆ ಕಾರಿನೊಳಗೇ ಕೂತು ಕೈ ಆಡಿಸುತ್ತಿದ್ದಾಳೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಇಂಗ್ಲಿಷು ತಿಳಿಯದು. ಆದರೆ ಮೇವಿನ ಕಾವಲಿನಲ್ಲಿ ನೂರು ಕುರಿ ನಡೆದು ಹೋಗುತ್ತಿದ್ದರೆ ನಾಳೆ ಕುಂಟುವ ಕುರಿ ಯಾವುದೆಂದು ಇವತ್ತೇ ಹೇಳುತ್ತೇನೆ. ನೀನು ದಿನವೆಲ್ಲ ಆಸ್ಪತ್ರೆಯಲ್ಲಿ ಕಂಡವರ ಕಾಲಿಗೆ ಪಟ್ಟಿ ಕಟ್ಟುವ ನರ್ಸು. ನಿನ್ನವ್ವನ ಕಾಲು ಕಾಣಲಿಲ್ಲವೇನೇ?

ಬೈಯಬಾರದು ಎಂದುಕೊಂಡೇ ಬರೆಯಲು ಕೂತಿದ್ದೆ. ತಪ್ಪು ನನ್ನದೂ ಇದೆ. ನಿನ್ನವ್ವನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ಅವಳು ನಿನ್ನೆದುರು ಶಕ್ತಿಗೆಂದು ನುಂಗುವ ಮಾತ್ರೆ ಅದರದ್ದೇ. "ಮಗಳಿಗೆ ಹೇಳಿದ್ರೆ ನನ್ನ ಕರೆಸ್ಕಳಾಕಿಲ್ಲ, ಮೊಮ್ಮಗಳ ಮುಖ ನೋಡ್ದಂಗೇ ಸಾಯ್ತೀನಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಆ ಆಣೆಯನ್ನು ಇವತ್ತು ಮುರಿದಿದ್ದೇನೆ. ಎದುರುಮನೆಯ ಬೊಮ್ಮಕ್ಕನಿಗೂ ಇದೇ ಕಾಯಿಲೆ. ಕಾಲಿಗೆ ಜಾಲಿಮುಳ್ಳು ಹೊಕ್ಕಿದ್ದೇ ಅವಳಿಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ದುರ್ಗದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಈಗ ಜಗುಲಿಯಲ್ಲಿ ಕೂತು ಹೋಗುವವರನ್ನೆಲ್ಲ ಕೂಗಿ ಮಾತಾಡಿಸುತ್ತಾಳೆ.

ಫೋನು ಮಾಡಲಿಲ್ಲ ಎಂದುಕೊಳ್ಳಬೇಡ. ಗುರುವಾರ ಚಳ್ಳಕೆರೆಗೆ ಹೋಗಿ ಬೂತಿನಿಂದ ಮಾಡಿದೆ. ನೀನು ಡ್ಯೂಟಿಗೆ ಹೋಗಿದ್ದೆ, ಅವಳೇ ಎತ್ತಿದಳು. ಕಾಲಿಗೇನಾಗೈತೆ ಎಂದೆ. "ನಂಗೇನಾಗೈತೆ, ಗುಂಡುಕಲ್ಲಿದ್ದಂಗಿದೀನಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು" ಎಂದಳು. ನನಗೆ ರೇಗಿತು, ಬೂತಿನವನು ಎದ್ದು ನಿಲ್ಲುವ ಹಾಗೆ ಕೂಗಾಡಿದೆ. ಅವಳು ಫೋನು ಇಟ್ಟುಬಿಟ್ಟಳು. ಶನಿವಾರ ಮತ್ತೆ ಹೋದೆ. ಅಳಿಯ ರಾಮಾಂಜನೇಯ ಸಿಕ್ಕಿದರು. ಅತ್ತೆಯ ಕಾಲು ನೋಡ್ರಿ ಎಂದರೆ, "ಮಾವ, ಅತ್ತೆ ಆರಾಮಾಗವ್ರೆ, ನಾಳೆ ಇನ್ನೊಂದು ಹಳ್ಳಿಗೆ ಹೊಂಟೀವಿ, ಚೆಂದ ಐತಂತೆ" ಎಂದರು. ಅವರದೇನು ತಪ್ಪು? ಅಳಿಯನ ಮುಂದೆ ಕಾಲು ಚಾಚಿ ಕೂರದವಳು ಅವಳು. ಅದೇ ಅಳಿಯನ ಕಾರಿನಲ್ಲಿ ಕೂತು ನೋವು ಎಂದಾಳೆಯೇ?

ನಿನ್ನೆ ಭಾನುವಾರ. ಹೋಗಿದ್ದೀರಿ, ನಡೆಸಿದ್ದೀರಿ. ಈ ಕಾಗದ ಮುಟ್ಟುವುದರೊಳಗೆ ಇನ್ನೂ ಒಂದೋ ಎರಡೋ ಭಾನುವಾರ ಬರುತ್ತದೆ. ಕುಂಟುವ ಕುರಿಯಾದರೆ ಹೆಗಲ ಮೇಲೆ ಹಾಕಿಕೊಂಡು ಹಟ್ಟಿಗೆ ತರುತ್ತೇನೆ. ಇವಳನ್ನು ಹೇಗೆ ತರಲಿ? ದಿನಾ ಫೋಟೋ ತೆಗೆದು ನೋಡುತ್ತೇನೆ, ಮತ್ತೆ ಟ್ರಂಕಿನಲ್ಲಿ ಇಡುತ್ತೇನೆ. ಇನ್ನೇನು ಮಾಡುವುದೋ ತಿಳಿಯುತ್ತಿಲ್ಲ.

ಕೂಸಿನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮಪ್ಪ,
ಜುಂಜಣ್ಣ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಫೋಟೋಗಳಲ್ಲಿ ಅವಳ ಕಾಲಲ್ಲಿರುವ ಆ ಬೂಟು ನಾನು ತಂದದ್ದು. ಅವಳ ಪಾದಕ್ಕೆ ಪೊರಕೆಕಡ್ಡಿ ಹಿಡಿದು ಅಳತೆಗೆ ಮುರಿದುಕೊಂಡು ಚಳ್ಳಕೆರೆಗೆ ಹೋದೆ. ಬಸ್ಸಿನ ನೂಕಾಟದಲ್ಲಿ ಜೇಬಿನೊಳಗೆ ಕಡ್ಡಿಯ ತುದಿ ಮುರಿದಿತ್ತು. ಅಂಗಡಿಯಲ್ಲಿ ನೋಡಿದೆ, ಮತ್ತೆ ಊರಿಗೆ ಹೋಗಿ ಬರುವುದು ಯಾರು ಎಂದು ಮುರಿದ ಕಡ್ಡಿಯನ್ನೇ ಅಳತೆಗೆ ಕೊಟ್ಟೆ. ಅವಳು ಹಾಕಿಕೊಂಡು "ಸರಿಯಾಗೈತೆ" ಎಂದಳು. ಮುಖ ನೋಡಿಯೇ ಬಿಗಿಯೆಂದು ನನಗೆ ಗೊತ್ತಾಯಿತು. ಅದರ ಮೇಲೆ, ಬೊಮ್ಮಕ್ಕನ ಕಾಲು ನೆನೆದು, ಹೊರಡುವ ದಿನ ನಾನೇ ಗದರಿದ್ದೆ, "ತಿರುಗಿ ಈ ಹೊಸ್ತಿಲು ತುಳಿಯೋವರ್ಗೂ ಹೊರಗೆ ಬೂಟು ಬಿಚ್ಚಿದ್ರೆ ನೋಡು" ಎಂದು. ನಾನು ಹೇಳದೆ ಅವಳು ಬಿಚ್ಚುವುದಿಲ್ಲ. ಅಪ್ಪ ಬಿಚ್ಚು ಅಂದಿದ್ದಾನೆ ಎಂದು ಹೇಳು. ಅವಳ ಕೈಗೆ ಬಿಡಬೇಡ, ಕೆಳಗೆ ಕೂತು ನೀನೇ ಬಿಚ್ಚು. ಏನು ಕಂಡರೂ ನನಗೆ ಬರಿ.