ಎಲ್ಲ ಪುಟಗಳ ಮೇಲೂ ಶ್ರದ್ಧಾಂಜಲಿ

ಅರಸೀಕೆರೆ, 11 ನವೆಂಬರ್ 2008, ಮಂಗಳವಾರ

ರುದ್ರಮ್ಮನವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಾನು ನೋಡಿಕೊಳ್ಳುವ ವಧು-ವರರ ವೆಬ್‌ಸೈಟಿನ ಮಾಲೀಕರು ಇಂದ್ರೇಶಣ್ಣ. ಅವರ ತಂದೆ ಹೋದ ವಾರ ತೀರಿಕೊಂಡರು. ‘ಅಪ್ಪಾಜಿಗೆ ಶ್ರದ್ಧಾಂಜಲಿ ಎಲ್ಲ ಪುಟದಲ್ಲೂ ಬರ್ಲಮ್ಮ’ ಅಂದರು. ಮೊದಲ ಪುಟದಲ್ಲಿದ್ದರೆ ಸಾಕು ಅಂದೆ. ಅವರ ಕಣ್ಣು ತುಂಬಿತು, ನಾನು ಒಪ್ಪಿಕೊಂಡೆ. ಎಲ್ಲ ಪುಟಗಳಿಗೂ ಮೇಲ್ಭಾಗ ಬರುವುದು ಒಂದೇ ಲೇಔಟ್ ಫೈಲಿನಿಂದ. ಅದರಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು, ಕೆಳಗೆ ಅವರ ಹೆಸರಿದ್ದ ಫೋಟೊ ಹಾಕಿದೆ.

ಬಾಣಾವರದ ಗಂಡಿನ ಕಡೆಯವರು ಸೈಬರ್ ಸೆಂಟರಿನಲ್ಲಿ ನಮ್ಮ ಸೈಟಿನಲ್ಲಿ ಹೆಸರು ಕೊಟ್ಟಿದ್ದ ಶಿವಲೀಲಾಳ ಪುಟ ಪ್ರಿಂಟ್ ತೆಗೆಸಿದ್ದಾರೆ. ಅಪ್ಪಾಜಿಯ ಫೋಟೊ, ಅದರೊಳಗಿದ್ದ ಹೆಸರು ಎರಡೂ ಹಾಳೆಯಲ್ಲಿ ಮೂಡಿಲ್ಲ. ಶ್ರದ್ಧಾಂಜಲಿಯ ಕೆಳಗೆ ನೇರವಾಗಿ ಆ ಹುಡುಗಿಯ ನಗುಮುಖ.

ಇವತ್ತು ಅವಳ ತಾಯಿ ರುದ್ರಮ್ಮ ಅದೇ ಹಾಳೆ ಹಿಡಿದು ಬಂದರು. ‘ಬದುಕಿರೋ ಮಗಳಿಗೆ ಹಿಂಗೆ ಹಾಕಿದ್ದೀರಲ್ಲವ್ವ. ಸಂಬಂಧ ಬ್ಯಾಡ ಅಂದ್ಬಿಟ್ರು.’

ಅವರೆದುರಿಗೇ ಬಾಣಾವರಕ್ಕೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಹುಡುಗನ ತಂದೆ ತಾಳ್ಮೆಯಿಂದಲೇ ಕೇಳಿದರು. ‘ನಂಗೆ ಅರ್ಥ ಆಯ್ತು ಕಣಮ್ಮ. ಆದ್ರೆ ನಮ್ಮವ್ವ ಆ ಹಾಳೆ ನೋಡ್ಬಿಟ್ಟವ್ರೆ. ಇನ್ನು ಆಗಲ್ಲ.’

ಲೇಔಟ್ ಫೈಲಿನಿಂದ ಶ್ರದ್ಧಾಂಜಲಿಯನ್ನೂ ಅಪ್ಪಾಜಿಯ ಫೋಟೊವನ್ನೂ ಅಳಿಸಿದೆ. ಎಲ್ಲ ಪುಟಗಳೂ ಒಮ್ಮೆಲೇ ಸರಿಹೋದವು. ‘ಈಗ ಇಲ್ಲ ನೋಡಿ’ ಎಂದು ತೋರಿಸಿದೆ.

ರುದ್ರಮ್ಮ ಬಹಳ ಹೊತ್ತು ಮಗಳ ಫೋಟೊ ನೋಡಿದರು. ‘ಇದನ್ನೂ ತೆಗೆದ್ಬಿಡವ್ವ’ ಅಂದರು. ತೆಗೆದೆ.

ಸಂಜೆ ಇಂದ್ರೇಶಣ್ಣನ ಫೋನ್. ‘ಅಪ್ಪಾಜಿ ಕಾಣ್ತಿಲ್ವಲ್ಲಮ್ಮ, ಏನಾಯ್ತು?’

‘ನೋಡ್ತೀನಿ ಅಣ್ಣ’ ಅಂದುಬಿಟ್ಟೆ. ನಾಳೆ ಬೆಳಿಗ್ಗೆ ಅವರು ಬಂದು ಎದುರಿಗೆ ಕೂತಾಗ, ಅಪ್ಪಾಜಿಯನ್ನು ತೆಗೆದಿದ್ದು ನಾನೇ ಎಂದು ಯಾವ ಬಾಯಲ್ಲಿ ಹೇಳಲಿ?