ಫಾರಂನಲ್ಲಿ ನಿನ್ನ ಹೆಸರು ಬರೆದೆ

ಪ್ರೀತಿಯ ಅಕ್ಕಾ,

ಎಂಟು ತಿಂಗಳಿಂದ ಮಾತು ಬಿಟ್ಟವಳು ಇದ್ದಕ್ಕಿದ್ದಂತೆ ಪತ್ರ ಬರೆದಿದ್ದಾಳೆಂದು ಗಾಬರಿಯಾಗಬೇಡ. ಮಗು ಚೆನ್ನಾಗಿದ್ದಾಳೆ. ಅವಳು ಹುಟ್ಟಿದ ಈ ಎರಡು ತಿಂಗಳಲ್ಲಿ ನಾನು ನೆಟ್ಟಗೆ ಮಲಗಿಲ್ಲ. ಅತ್ತರೆ ಭಯ, ಅಳದಿದ್ದರೆ ಇನ್ನೂ ಭಯ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಆದರೆ ಈಗ ಬರೆಯಲು ಕೂತಿರುವುದು ಖುಷಿಗೆ. ಮಧ್ಯಾಹ್ನ ನಡೆದದ್ದನ್ನು ನಿನಗೆ ಹೇಳದೆ ಇರಲಾಗುತ್ತಿಲ್ಲ.

ಮೊದಲು ತಪ್ಪೊಪ್ಪಿಗೆ. ಜೊತೆಯ ನರ್ಸುಗಳು ಭಾನುವಾರ ಮಕ್ಕಳೊಂದಿಗಿರಲಿ ಎಂದು ವೃದ್ಧರ ವಾರ್ಡಿನ ಆ ದಿನದ ಡ್ಯೂಟಿಯನ್ನು ನೀನು ಕೇಳಿ ಹಾಕಿಸಿಕೊಂಡೆ. ಚರ್ಚಿನ ಆರಾಧನೆಗೆ ನೀನು ಬರುವುದು ನಿಂತಿತು. ಆಗ ಮಹಿಳಾ ಕೂಟದಲ್ಲಿ ಎದ್ದು ನಿಂತು, ದಾರಿ ತಪ್ಪಿದ ನನ್ನ ಅಕ್ಕನಿಗಾಗಿ ಪ್ರಾರ್ಥಿಸಿ ಎಂದವಳು ನಾನು. ಒಂದು ಸಲವಲ್ಲ, ವಾರವಾರವೂ. ಹೆಂಗಸರೆಲ್ಲ ಕಣ್ಣು ಮುಚ್ಚಿ, ಕಿವಿ ತೆರೆದು ನಿನ್ನ ಕಥೆ ಕೇಳಿದರು. ನನ್ನ ಭಕ್ತಿಯನ್ನು ಹೊಗಳಿದರು. ನನಗೆ ಹಿತವಾಗಿತ್ತು, ಅಕ್ಕಾ. ಸುದ್ದಿ ಮುಟ್ಟಿದ ದಿನ ನೀನು ಬಾಗಿಲಲ್ಲೇ ನಿಂತು ಕೇಳಿದೆ: "ನಾನು ನಿನ್ನ ಅಕ್ಕನೋ, ಪ್ರಾರ್ಥನಾ ವಿಷಯಾನೋ?" "ಸತ್ಯ ಹೇಳಿದ್ರೆ ಕೋಪ ಯಾಕೆ ಬರುತ್ತೆ ನಿಂಗೆ?" ಎಂದೆ ನಾನು. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ.

ಇವತ್ತು ಮಧ್ಯಾಹ್ನ ಚಿನ್ನದ ಕನ್ನಡಕದಮ್ಮ ಮಗುವನ್ನು ನೋಡಲು ಬಂದಿದ್ದರು. ದೊಡ್ಡ ಫರ್ನಿಚರ್ ಅಂಗಡಿಯವರು, ಕೂಟದಲ್ಲಿ ಮುಂದಿನ ಕುರ್ಚಿಯಲ್ಲಿ ಕೂರುತ್ತಾರಲ್ಲ, ಅವರೇ. ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಜ್ಞಾನತಾಯಿಯಾಗಿ ತಾವೇ ನಿಲ್ಲುವುದಾಗಿ ಒಪ್ಪಿದ್ದರು. ನಮ್ಮ ಮನೆಯವರಿಗೆ ಅವರ ಅಂಗಡಿಯಲ್ಲಿ ಮ್ಯಾನೇಜರ್ ಕೆಲಸ, ಮಗುವಿಗೆ ಒಳ್ಳೆಯ ಶಾಲೆ, ಎಲ್ಲವೂ ಮಾತಾಗಿತ್ತು. ನಾನೇ ಅವರ ಬೆನ್ನು ಹತ್ತಿದ್ದೆ.

ಅವರೆದುರೇ ದೀಕ್ಷಾಸ್ನಾನದ ಫಾರಂ ತುಂಬಲು ಕೂತೆ. ಅಲ್ಲಿ ಜ್ಞಾನತಾಯಿ ಎಂದು ಸುಮ್ಮನೆ ಬರೆದಿರಲಿಲ್ಲ. 'ಮಗುವಿಗೆ ದೇವರನ್ನು ಪ್ರೀತಿಸಲು ಕಲಿಸುವವರ ಹೆಸರು' ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ನನಗೆ ಕಲಿಸಿದವರು ಯಾರು? ಅಮ್ಮ ಹಾಸಿಗೆ ಹಿಡಿದಾಗ ನಿನಗೆ ಹನ್ನೊಂದು ವರ್ಷ. ನೀನು ನನ್ನ ತಲೆಗೆ ನೀರು ಹೊಯ್ಯುತ್ತಾ, ಪಕ್ಕದಲ್ಲಿ ಯಾರೋ ಕೂತಿರುವಂತೆ ಮಾತಾಡುತ್ತಿದ್ದೆ: "ನೋಡಿದ್ಯಾ ದೇವರೇ, ಇವತ್ತು ಇವಳು ಸೋಪಿಗೆ ಅಳಲಿಲ್ಲ." ನನಗೆ ಆಮೇಲೆ ನಿಯಮಗಳೆಲ್ಲ ಬಾಯಿಪಾಠವಾದವು, ಹಾಗೆ ಮಾತಾಡುವುದು ಮಾತ್ರ ಮರೆತುಹೋಯಿತು.

ನಿನ್ನ ಹೆಸರು ಬರೆದುಬಿಟ್ಟೆ.

ಕನ್ನಡಕದಮ್ಮ ಬಗ್ಗಿ ಓದಿದರು. "ಅವಳಾ? ಚರ್ಚಿನ ಮೆಟ್ಟಿಲು ಹತ್ತದೋಳು. ದಾರಿ ತಪ್ಪಿದೋಳು ಅಂತ ನೀನೇ ಹೇಳ್ತಿದ್ಯಲ್ಲಮ್ಮ?" ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಎಷ್ಟು ಅಸಹ್ಯವಾಗಿತ್ತು ಗೊತ್ತಾ? "ತಪ್ಪಿದ್ದು ನಾನು ಆಂಟಿ," ಎಂದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಸರಿ, ಯಜಮಾನರ ಕೆಲಸದ ವಿಷಯ ಆಮೇಲೆ ನೋಡೋಣ." ಆ ಆಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತು.

ಸಂಜೆ ಇವರಿಗೆ ಹೇಳಿದೆ. "ನಿದ್ದೆಗಣ್ಣಲ್ಲಿ ಬರೆದಿದ್ದಲ್ಲ ತಾನೇ?" ಎಂದರು. ಇಲ್ಲ, ಬಹಳ ದಿನಗಳ ಮೇಲೆ ಎಚ್ಚರವಾಗಿ ಬರೆದದ್ದು ಎಂದೆ. "ಹಾಗಾದ್ರೆ ಹಳೇ ಕೆಲಸಾನೇ ಗತಿ" ಎಂದು ನಕ್ಕರು, ಆದರೂ ಮುಖ ಸಪ್ಪಗಿತ್ತು. ನಾಳೆಯ ಚಿಂತೆ ನನಗೂ ಇದೆ. ಆದರೆ ಎದೆಯ ಮೇಲಿಂದ ಯಾರೋ ಬೀರು ಎತ್ತಿದಂತಾಗಿದೆ.

ಈ ಗುರುವಾರ ಕೂಟದಲ್ಲಿ ಎದ್ದು ನಿಂತು ನಿನ್ನ ವಿಷಯದಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ನೀನು ಕ್ಷಮಿಸಲೇಬೇಕೆಂಬ ಹಕ್ಕು ನನಗಿಲ್ಲ. ಬರದಿದ್ದರೂ ಆ ಹೆಸರನ್ನು ಹೊಡೆದುಹಾಕುವುದಿಲ್ಲ. ಸಂಜೆಯೇ ಫಾರಂ ಕೊಡಲು ಹೋದಾಗ ಪಾಸ್ಟರ್ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಅಕ್ಕನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತಮ್ಮ?" ನಾಲ್ಕಕ್ಕೆ ಎಂದೆ. ಈ ಭಾನುವಾರ ಬೆಳಗಿನ ದೀಕ್ಷಾಸ್ನಾನವನ್ನು ಸಂಜೆ ಐದಕ್ಕೆ ಇಟ್ಟಿದ್ದಾರೆ. ಯೂನಿಫಾರಂನಲ್ಲೇ ಬಾ.

ದೇವರು ನಿನ್ನನ್ನೂ ನೀನು ಎತ್ತಿ ಕೂರಿಸುವ ಆ ಹಿರಿಯರನ್ನೂ ಕಾಯಲಿ.

ದಾರಿ ನೋಡುತ್ತಿರುವ ನಿನ್ನ
ಪುಟ್ಟಿ